ಟೈಟಾನಿಯಂ ರಾಡಿಗೆ ಯಾವ ಫಿನಿಶ್? ಮೊದಲು ಆ ಮಿರರ್ ಪಾಲಿಶ್ ಹುಚ್ಚು ಬಿಡ್ರಿ

ಪ್ರಶ್ನೆ: ಸರ, ಹೈದರಾಬಾದಿಂದ ಟೈಟಾನಿಯಂ ರಾಡ್ ತರಿಸ್ಲಿಕತ್ತೀವಿ. ಬ್ಲ್ಯಾಕ್ ಬೇಕಾ, ಪೀಲ್ಡ್ ಬೇಕಾ, ಗ್ರೌಂಡ್ ಬೇಕಾ, ಪಾಲಿಶ್ ಬೇಕಾ ಅಂತ ಕೇಳ್ಲಿಕತ್ಯಾರ. ಯಾವುದು ತೊಗೋಬೇಕ್ರಿ? ಹ್ಯಾಂಗಿದ್ರೂ ಮಿರರ್ ಪಾಲಿಶೇ ಛಲೋ ಅಲ್ಲೇನ್ರಿ?

ಉತ್ತರ: ಕಲಬುರಗಿಯ ಕಪನೂರಿನ ವರ್ಕ್‌ಶಾಪಿನವರು ಕೇಳಿದ್ದೂ ಇದೇ, ಬೀದರಿನ ಕೊಳಾರದವರು ಕೇಳಿದ್ದೂ ಇದೇ, ಫೈನಲ್ ಇಯರ್ ಪ್ರಾಜೆಕ್ಟ್ ಹುಡುಗರು ಕೇಳುವುದೂ ಇದೇ. ಎಲ್ಲರ ಪ್ರಶ್ನೆಗೂ ಬಾಲದಂತೆ ಆ ಕೊನೆಯ ಸಾಲು ಇದ್ದೇ ಇರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆಯ್ಕೆಯ ಮಾತು ಎರಡು ನಿಮಿಷದ್ದು. ರಾಡ್ ಬಂದ ಮೇಲೆ ನೀವು ಅದನ್ನು ಲೇಥಿಗೆ ಕಟ್ಟಿ ಮೈಯೆಲ್ಲ ಟರ್ನಿಂಗ್ ಮಾಡುವವರೇ ಆದರೆ ಪೀಲ್ಡ್, ಅಂದರೆ ಹೊರಸಿಪ್ಪೆ ಕತ್ತರಿಸಿ ತೆಗೆದ ರಾಡ್ ಸಾಕು. ಪಾಲಿಶಿಗೆ ಕೊಟ್ಟ ದುಡ್ಡು ಚಿಪ್ಸ್ ಆಗಿ ಟ್ರೇಗೆ ಬೀಳುತ್ತದೆ, ಅಷ್ಟೇ. ಸ್ಲೈಡಿಂಗ್ ಹೆಡ್ ಮಷೀನಿನಲ್ಲಿ ಸಣ್ಣ ಸ್ಕ್ರೂ, ಪಿನ್ನು ಮಾಡುವವರಿಗೆ ಸೆಂಟರ್‌ಲೆಸ್ ಗ್ರೌಂಡ್ ರಾಡೇ, ಅಂದರೆ ಸಾಣೆಚಕ್ರದಲ್ಲಿ ಒಂದೇ ದಪ್ಪಕ್ಕೆ ಉಜ್ಜಿದ್ದೇ ಬೇಕು. ಅದು ಹೊಳಪಿಗಾಗಿ ಅಲ್ಲ, ಅಳತೆಗಾಗಿ. ರಾಡ್ ಗೈಡ್ ಬುಷ್ ಅನ್ನುವ ಬಿಗಿ ಉಂಗುರದ ಒಳಗಿಂದ ಜಾರಿ ಬರಬೇಕು, ದಪ್ಪದಲ್ಲಿ ಏರುಪೇರು ಇದ್ದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಲ್ಲಾಡುತ್ತದೆ. ರಾಡಿನ ಮೈ ಬಂದ ಹಾಗೇ ಉಳಿದು ಸೀಲಿನ ತುಟಿಗೆ ತಾಗಿ ತಿರುಗುವ ಕೆಲಸವಿದ್ದರೆ, ಆಗ ಮಾತ್ರ ಗ್ರೌಂಡ್ ಆದಮೇಲೆ ಪಾಲಿಶ್. ಅಂಕಿ ಬೇಕು ಅನ್ನುವವರಿಗೆ: ಮೈಯ ಒರಟುತನದ ಸರಾಸರಿ ಅಳತೆಗೆ ಆರ್‌ಎ ಅನ್ನುತ್ತಾರೆ. ಪೀಲ್ಡ್ ಮೈಯ ಆರ್‌ಎ ಸಾಮಾನ್ಯವಾಗಿ 1.6ರಿಂದ 3.2 ಮೈಕ್ರಾನ್, ಗ್ರೌಂಡ್ 0.4ರಿಂದ 0.8, ಪಾಲಿಶ್ 0.2 ಅಥವಾ ಇನ್ನೂ ಕಡಿಮೆ.

ಬ್ಲ್ಯಾಕ್ ರಾಡ್ ಕಿಲೋ ಲೆಕ್ಕದಲ್ಲಿ ಅಗ್ಗ. ಆದರೆ ಬಿಸಿ ರೋಲಿಂಗಿನಲ್ಲಿ ಗಾಳಿಯ ಆಕ್ಸಿಜನ್ ಕುಡಿದು ಅದರ ಮೈ ಗಡುಸಾಗಿ, ಪೆಡಸಾಗಿ ಕೂತಿರುತ್ತದೆ. ಆಲ್ಫಾ ಕೇಸ್ ಅನ್ನುವುದು ಇದಕ್ಕೇ. ಅದನ್ನು ಪೂರ್ತಿ ತೆಗೆಯದೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು. ಟರ್ನಿಂಗ್ ಮಾಡಿ ತೆಗೆಯಿರಿ. ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಸಿಡ್ ಮಿಶ್ರಣದಲ್ಲಿ ಅದ್ದಿ ತೆಗೆಯುವ ಪದ್ಧತಿಯೂ ಇದೆ, ಆದರೆ ಅದು ಶೆಡ್ಡಿನಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟುಕೊಂಡು ಮಾಡುವ ಕೆಲಸ ಅಲ್ಲವೇ ಅಲ್ಲ. ಆ ಆಸಿಡ್ ಚರ್ಮದ ಮೇಲೆ ನಿಲ್ಲುವುದಿಲ್ಲ, ಎಲುಬಿನವರೆಗೂ ಇಳಿಯುತ್ತದೆ.

ಈಗ ಮಿರರ್ ಪಾಲಿಶ್ ವಿಷಯಕ್ಕೆ ಬರೋಣ.

‘ಹೊಳೆಯುವ ರಾಡಿಗೆ ತುಕ್ಕು ಹಿಡಿಯುವುದಿಲ್ಲ’ ಅನ್ನುತ್ತಾರೆ. ಹೊಳೆಯದ ರಾಡಿಗೂ ಹಿಡಿಯುವುದಿಲ್ಲ. ಟೈಟಾನಿಯಂ ಗಾಳಿಗೆ ಮೈಯೊಡ್ಡಿದ ಕ್ಷಣದಲ್ಲೇ ತಾನೇ ಆಕ್ಸೈಡಿನ ಪದರ ಹೊದ್ದುಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಗೀರಿದ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಬಫಿಂಗ್ ಮಾಡುವವನು ಈ ಪದರವನ್ನು ತಂದು ಹಚ್ಚುವುದಿಲ್ಲ, ಅವನು ಚಕ್ರದ ಸ್ವಿಚ್ ಹಾಕುವ ಮೊದಲೇ ಅದು ಅಲ್ಲಿರುತ್ತದೆ. ‘ಹಾಗಾದರೆ ನಮ್ಮ ರಾಡಿನ ಮೇಲೆ ಕೆಂಪು ಚುಕ್ಕೆ ಯಾಕೆ ಬಂತು?’ ಅಂತ ಫೋಟೋ ಕಳಿಸುವವರಿದ್ದಾರೆ. ಸ್ವಾಮಿ, ಅದು ಟೈಟಾನಿಯಂ ತುಕ್ಕಲ್ಲ, ನಿಮ್ಮ ವೈರ್ ಬ್ರಷ್ಷಿನ ತುಕ್ಕು. ಮೈಲ್ಡ್ ಸ್ಟೀಲ್ ಉಜ್ಜಿದ ಬ್ರಷ್ಷು, ಅದೇ ಗ್ರೈಂಡಿಂಗ್ ಚಕ್ರ ಇದಕ್ಕೂ ಹಚ್ಚಿದರೆ ಕಬ್ಬಿಣದ ಕಣಗಳು ಮೈಯೊಳಗೆ ಕಚ್ಚಿಕೊಳ್ಳುತ್ತವೆ. ಅನುಮಾನವಿದ್ದರೆ ರಾಡಿಗೆ ಒದ್ದೆ ಬಟ್ಟೆ ಸುತ್ತಿ ರಾತ್ರಿ ಇಟ್ಟು ಬೆಳಿಗ್ಗೆ ಬಿಚ್ಚಿ ನೋಡಿ. ಕಂದು ಚುಕ್ಕೆ ಕಂಡರೆ ಬೈಯಬೇಕಾದದ್ದು ರಾಡ್ ಮಾರಿದವರನ್ನು ಮಾತ್ರವೋ, ನಿಮ್ಮ ಬ್ರಷ್ಷನ್ನೂ ಸೇರಿಸಿಯೋ ಅಂತ ಯೋಚಿಸಿ.

‘ಹೊಳಪಿದ್ದರೆ ಗಟ್ಟಿ’ ಅನ್ನುವುದು ಇನ್ನೊಂದು ವಾದ. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಸಾಯುವುದಿಲ್ಲ. ಮತ್ತೆ ಮತ್ತೆ ಬಾಗಿ ನಿಮಿರುವ ರಾಡಿನಲ್ಲಿ ಬಿರುಕು ಹುಟ್ಟುವುದು ಬಹುಪಾಲು ಮೈಮೇಲಿನ ಗೀರಿನಿಂದ. ಮೈ ನುಣುಪಿದ್ದರೆ ಬಾಳಿಕೆ ಹೆಚ್ಚು, ಒಪ್ಪಿದೆ. ಆದರೆ ಆ ನುಣುಪು ಬಂದದ್ದು ಹೇಗೆ? ಟೈಟಾನಿಯಂ ಅಲಾಯ್ ಶಾಖ ಸಾಗಿಸುವುದರಲ್ಲಿ ಮಹಾ ಸೋಮಾರಿ, ಸಾದಾ ಉಕ್ಕಿನ ಏಳನೇ ಒಂದು ಪಾಲಿನಷ್ಟು ಮಾತ್ರ. ಗ್ರೈಂಡಿಂಗಿನ ಬಿಸಿ ಒಳಕ್ಕೆ ಹೋಗದೆ ಮೈಮೇಲೇ ನಿಲ್ಲುತ್ತದೆ. ಕೂಲಂಟ್ ಕಡಿಮೆ, ಸ್ಪೀಡ್ ಜಾಸ್ತಿ ಇಟ್ಟು ಎಳೆದರೆ ಮೈ ಸುಟ್ಟು, ಹೊರಪದರದಲ್ಲಿ ಎಳೆತ ಉಳಿಯುತ್ತದೆ. ಬಿರುಕಿಗೆ ಬೇಕಾದದ್ದೂ ಆ ಎಳೆತವೇ. ಆಮೇಲೆ ಬಫ್ ಹಿಡಿದರೆ ಈ ಅಂಟು ಸ್ವಭಾವದ ಲೋಹ ಮೇಲಿಂದ ಮೇಲೆ ಸವರಿಕೊಂಡು ಗೀರುಗಳನ್ನು ಮುಚ್ಚುತ್ತದೆ. ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ: ಕಣ್ಣಿಗೆ ಚೆಂದ, ಬಿರುಕು ಇದ್ದಲ್ಲೇ ಇದೆ.

ಇದಕ್ಕೆ ತದ್ವಿರುದ್ಧ ಶಾಟ್ ಪೀನಿಂಗ್. ಸಣ್ಣ ಸಣ್ಣ ಗುಂಡು ಹೊಡೆದು ಮೈಯನ್ನು ಒತ್ತುತ್ತಾರೆ. ನೋಡಲು ಮಂಕು, ಬೆರಳಿಗೆ ತರಿ ತರಿ. ಆದರೆ ಹೊರಪದರ ಒತ್ತಿಕೊಂಡಿರುವುದರಿಂದ ಬಿರುಕು ಬಾಯಿ ಬಿಡುವುದಿಲ್ಲ. ವಿಮಾನದ ಭಾಗಗಳಿಗೆ ಈ ಚಿಕಿತ್ಸೆ ಮಾಡುವುದು ಸುಮ್ಮನೆ ಅಲ್ಲ.

ಆರ್‌ಎ ಅಂಕಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಅದು ಸರಾಸರಿ. ನುಣುಪಾದ ಮೈಮೇಲೆ ಒಂದೇ ಒಂದು ಆಳವಾದ ಗೀರಿದ್ದರೆ ಸರಾಸರಿ ಅಷ್ಟೇನೂ ಏರುವುದಿಲ್ಲ, ರಾಡ್ ಮುರಿಯುವುದು ಮಾತ್ರ ಆ ಗೀರಿನಲ್ಲೇ. ನಾನು ಹುಡುಗರಿಗೆ ಹೇಳಿಕೊಡುವುದು ಹೀಗೆ: ಟ್ಯೂಬ್‌ಲೈಟ್ ಕೆಳಗೆ ರಾಡ್ ಹಿಡಿದು ನಿಧಾನವಾಗಿ ತಿರುಗಿಸಿ. ಬೆಳಕಿನ ಗೆರೆ ನೇರವಾಗಿ ನಿಂತಿದ್ದರೆ ಸರಿ. ಅದು ಅಲೆ ಅಲೆಯಾಗಿ ಕುಣಿದರೆ, ಒಂದೇ ಅಂತರದಲ್ಲಿ ಪಟ್ಟೆ ಕಂಡರೆ, ಗ್ರೈಂಡಿಂಗ್ ಮಾಡುವಾಗ ಮಷೀನ್ ನಡುಗಿದೆ. ಆಮೇಲೆ ಉಗುರನ್ನು ಉದ್ದಕ್ಕೆ ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ಮಾರ್ಕರ್ ಹಾಕಿ. ಈ ಪರೀಕ್ಷೆಯಲ್ಲಿ ಮಂಕಾದ ರಾಡ್ ಪಾಸಾಗಿ, ಫಳಫಳ ಹೊಳೆಯುವುದು ಫೇಲಾದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಹೊಳಪು ನೋಡಿ ಗ್ರೇಡ್ ಹೇಳುತ್ತೇನೆ ಅನ್ನುವ ಪಂಡಿತರ ವಿಷಯ ಕೇಳಲೇಬೇಡಿ. ಪಾಲಿಶ್ ಹೊಡೆದರೆ ಸ್ಟೇನ್‌ಲೆಸ್ಸೂ ಹೊಳೆಯುತ್ತದೆ. ತಕ್ಕಡಿಗೆ ಹಾಕಿ: 20 ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದದ ಟೈಟಾನಿಯಂ ರಾಡ್ ಸುಮಾರು 1.4 ಕಿಲೋ ತೂಗುತ್ತದೆ, ಅದೇ ಅಳತೆಯ ಸ್ಟೇನ್‌ಲೆಸ್ ಸುಮಾರು ಎರಡೂವರೆ ಕಿಲೋ. ಗ್ರೇಡ್ 2 (ಬೆರಕೆಯಿಲ್ಲದ ಟೈಟಾನಿಯಂ), ಗ್ರೇಡ್ 5 (ಅಲ್ಯೂಮಿನಿಯಂ, ವೆನೇಡಿಯಂ ಬೆರೆತ ಅಲಾಯ್) ಇವುಗಳ ವ್ಯತ್ಯಾಸ ಮಾತ್ರ ತಕ್ಕಡಿಗೂ ತಿಳಿಯುವುದಿಲ್ಲ. ಅದಕ್ಕೆ ಟೆಸ್ಟ್ ಸರ್ಟಿಫಿಕೇಟ್ ಬೇಕು. ಅದರ ಹೀಟ್ ನಂಬರ್ (ಲೋಹ ಯಾವ ಸಲ ಕರಗಿಸಿದ್ದು ಅನ್ನುವ ಗುರುತು) ರಾಡಿನ ಮೇಲಿನ ನಂಬರಿಗೆ ತಾಳೆಯಾಗಬೇಕು.

ಆಸ್ಪತ್ರೆಯ ಉದಾಹರಣೆ ಕೊಟ್ಟು ವಾದ ಮಾಡುವವರೂ ಇದ್ದಾರೆ. ‘ಕಾಲಿಗೆ ಹಾಕೋ ರಾಡ್ ಎಷ್ಟು ನೈಸ್ ಇರ್ತದ ನೋಡ್ರಿ!’ ನಿಜ, ಮುಂದೆ ತೆಗೆಯಬೇಕಾಗಬಹುದಾದ ರಾಡು, ಸ್ಕ್ರೂ ನುಣುಪಿದ್ದರೆ ಎಲುಬು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ, ತೆಗೆಯುವುದು ಸುಲಭ. ಆದರೆ ಹಲ್ಲಿನ ಇಂಪ್ಲಾಂಟ್ ನೋಡಿದ್ದೀರಾ? ಅದನ್ನು ಬೇಕಂತಲೇ ಒರಟು ಮಾಡುತ್ತಾರೆ. ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಎಂದು ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡರು. 1965ರಲ್ಲಿ ಮನುಷ್ಯನ ದವಡೆಗೇ ಕೂರಿಸಿದರು. ಅಲ್ಲಿ ಹಿಡಿತ ಬೇಕು, ಅದಕ್ಕೇ ಮರಳು ಹೊಡೆದು, ಆಸಿಡ್ ತಿನ್ನಿಸಿ ತರಿ ಮಾಡುವುದು.

ಇನ್ನೊಂದು ಮಾತು. ಟೈಟಾನಿಯಂ ಶಾಫ್ಟನ್ನು ಟೈಟಾನಿಯಂ ಬುಷ್ಷಿನಲ್ಲೇ ತಿರುಗಿಸುವವರು ಪಾಲಿಶ್ ನಂಬಬೇಡಿ, ಒಂದಕ್ಕೊಂದು ಕಚ್ಚಿ ಜಾಮ್ ಆಗುತ್ತದೆ. ಮೈಗೆ ಸಾರಜನಕ ಹಿಡಿಸಿ ಗಡುಸು ಮಾಡುವ ನೈಟ್ರೈಡಿಂಗ್ ಅಥವಾ ಬೇರೆ ಗಡುಸು ಲೇಪನ ಬೇಕು, ಇಲ್ಲವೇ ಬುಷ್ಷನ್ನೇ ಬೇರೆ ವಸ್ತುವಿನದು ಮಾಡಿ. ಯಾದಗಿರಿ ಜಿಲ್ಲೆಯ ಕಡೇಚೂರಿನ ಕೆಮಿಕಲ್ ಕಾರ್ಖಾನೆಗಳಿಗೆ ಶಾಫ್ಟ್ ಮಾಡಿಕೊಡುವವರು ಫಿನಿಶ್ ಕೇಳುವ ಮೊದಲು ಟ್ಯಾಂಕಿನಲ್ಲಿ ಫ್ಲೋರೈಡ್ ಇದೆಯೇ ಕೇಳಿ. ಆಮ್ಲದ ಜೊತೆ ಅದಿದ್ದರೆ ಯಾವ ಫಿನಿಶ್ಶೂ ಕಾಪಾಡದು. ಗ್ರೈಂಡಿಂಗ್ ಪುಡಿ ಕೂಡಿಡಬೇಡಿ, ಹತ್ತಿಕೊಂಡರೆ ನೀರು ಎರಚಬೇಡಿ, ಒಣ ಮರಳು ಸುರಿಯಿರಿ.

ಇಷ್ಟು ಬರೆಯುವಾಗ, ಬೀದರಿನವರು ಯಾರೂ ಇನ್ನೂ ಕೇಳದ ಪ್ರಶ್ನೆಯೊಂದು ನನ್ನ ತಲೆ ತಿನ್ನುತ್ತಿದೆ: ಟೈಟಾನಿಯಂ ರಾಡಿಗೆ ಬಿದ್ರಿಯ ಕಪ್ಪು ಕೊಡಬಹುದೇ? ಫಿನಿಶ್ ಅಂದರೆ ಏನು ಅಂತ ನಮ್ಮ ಸೀಮೆಯ ಬಿದ್ರಿ ಕಲಾವಿದರಷ್ಟು ಬಲ್ಲವರು ಯಾರಿದ್ದಾರೆ! ಬಿದ್ರಿಯ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮೈಗೆ ಉಜ್ಜಿದರೆ ಆ ಮೈ ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಟೈಟಾನಿಯಂಗೆ ಆ ಮಣ್ಣು ನಾಟುವುದೇ ಇಲ್ಲ. ಆಗಲೇ ಹೇಳಿದ ಆಕ್ಸೈಡ್ ಪದರ ನವಸಾಗರಕ್ಕೆ ಜಗ್ಗುವುದಿಲ್ಲ.

ಅದಕ್ಕೆ ಬಣ್ಣ ಏರುವುದು ಕರೆಂಟಿನಿಂದ. ಆನೋಡೈಸಿಂಗ್ ಮಾಡಿದರೆ, ಅಂದರೆ ದ್ರಾವಣದಲ್ಲಿ ಮುಳುಗಿಸಿ ಕರೆಂಟು ಹಾಯಿಸಿ ಆಕ್ಸೈಡ್ ಪದರ ದಪ್ಪ ಮಾಡಿದರೆ, ಸುಮಾರು 30 ವೋಲ್ಟಿಗೆ ನೀಲಿ, 55ರ ಆಸುಪಾಸಿನಲ್ಲಿ ಚಿನ್ನದ ಹಳದಿ, ನೂರರ ಹತ್ತಿರ ಹಸಿರು. ಅಲ್ಲಿ ಬಣ್ಣದ ಪುಡಿ ಏನೂ ಇಲ್ಲ, ಪದರ ದಪ್ಪವಾದ ಹಾಗೆ ಬೆಳಕು ಬೇರೆ ಬೇರೆಯಾಗಿ ಪ್ರತಿಫಲಿಸುತ್ತದೆ. ಈ ದಾರಿಯಲ್ಲಿ ಕಪ್ಪು ಬರುವುದಿಲ್ಲ, ಅಚ್ಚ ಕೆಂಪೂ ಬರುವುದಿಲ್ಲ. ಬೆಳ್ಳಿ ಎಳೆ ಮೊದಲೇ ಕೂರಿಸಿ ಆಮೇಲೆ ಬಣ್ಣ ಏರಿಸೋಣ ಅಂದರೆ ಕರೆಂಟು ಬೆಳ್ಳಿಯ ದಾರಿ ಹಿಡಿದು ಓಡಿ ಕೆಲಸ ಕೆಡುತ್ತದೆ. ಕಪ್ಪೇ ಬೇಕು ಅನ್ನುವವರು ನಿರ್ವಾತದ ಪೆಟ್ಟಿಗೆಯಲ್ಲಿ ವಸ್ತುವನ್ನು ಆವಿ ಮಾಡಿ ಮೈಮೇಲೆ ಕೂರಿಸುವ ಪಿವಿಡಿ ಲೇಪನ ಮಾಡಿಸಬೇಕು. ಹಾಗೆ ಮಾಡಿಸುವುದಾದರೆ ರಾಡ್ ಕತ್ತರಿಸುವ ಮೊದಲು ಅವರ ಪೆಟ್ಟಿಗೆ ಎಷ್ಟು ಉದ್ದದ್ದು ಅಂತ ಕೇಳಿಕೊಳ್ಳಿ.