ಓದಿದ ಹುಡುಗ ಊಟಕ್ಕೆಲ್ಲಿ ಹೋಗಬೇಕು?

ಬಾಸೆಲ್ ಮಿಷನ್ ಎಂದಕೂಡಲೇ ಕನ್ನಡಿಗರಿಗೆ ನೆನಪಾಗುವುದು ಮೂರು: ಕನ್ನಡದ ಮೊದಲ ಪತ್ರಿಕೆ, ಕಿಟೆಲ್ ನಿಘಂಟು, ಮಂಗಳೂರು ಹೆಂಚು. ಈ ಮೂರರ ಬಗ್ಗೆಯೂ ಬೇಕಾದಷ್ಟು ಬರೆದಾಗಿದೆ. ಹಳ್ಳಿಗಾಡಿನ ಹುಡುಗರನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದ ಅವರ ಶಾಲೆಗಳ ಬಗ್ಗೆ ಮಾತು ಕಡಿಮೆ. ಮಿಷನ್ ಪತ್ರಿಕೆ ಮಾಡಿದ್ದು, ಮಗ್ಗ ಹಾಕಿದ್ದು, ಹೆಂಚು ಸುಟ್ಟದ್ದು ಎಲ್ಲಕ್ಕೂ ಒಂದಲ್ಲ ಒಂದು ಎಳೆಯಲ್ಲಿ ಆ ಶಾಲೆಗಳೇ ಕಾರಣ.

ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ. ಅವರದು ಪುಸ್ತಕ ಹಿಡಿದ ಧರ್ಮ, ಜನ ಓದಲು ಕಲಿಯದೆ ಅದು ನಡೆಯುವಂತಿರಲಿಲ್ಲ. ಹಾಗಾಗಿ ಶಾಲೆ ಬೇಕು ಎಂಬುದು ಅವರಿಗೆ ಹೊರಡುವಾಗಲೇ ಗೊತ್ತಿತ್ತು. ಓದಿ, ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಹುಡುಗ ಮರುದಿನ ಯಾರ ಮನೆಯಲ್ಲಿ ಉಣ್ಣಬೇಕು ಎಂಬುದು ಮಾತ್ರ ಇಲ್ಲಿಗೆ ಬಂದ ಮೇಲೆ ಎದುರಾದ ಪ್ರಶ್ನೆ. ಮುಂದಿನ ಎಂಬತ್ತು ವರ್ಷ ಮಿಷನ್ ಮಾಡಿದ ಕೆಲಸಗಳಲ್ಲಿ ಅರ್ಧ ಇದಕ್ಕೆ ಉತ್ತರ ಹುಡುಕುವ ಪ್ರಯತ್ನ ಎಂದೇ ನನಗೆ ತೋರುತ್ತದೆ.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಮಿಷನ್ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಾದರೂ ಅದಕ್ಕೆ ಸೇರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಬಡಗಿಯ, ನೇಕಾರನ ಕೈಕೆಲಸ ಕಂಡವರು. ಮೈಗಳ್ಳತನವನ್ನು ಪಾಪದ ಲೆಕ್ಕಕ್ಕೆ ಸೇರಿಸುವ ಕಟ್ಟುನಿಟ್ಟಿನ ಭಕ್ತಿ ಅವರದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

ಆಗ ಇಲ್ಲಿ ಶಾಲೆ ಇರಲಿಲ್ಲ ಎಂದರೆ ತಪ್ಪು. ಐಗಳ ಮಠ, ಕೂಲಿಮಠಗಳಿದ್ದವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಒಂದಿಷ್ಟು ಪದ್ಯ, ಲೆಕ್ಕಪತ್ರ ಕಲಿತರೆ ಓದು ಮುಗಿಯಿತು. ಶಾನುಭೋಗಿಕೆಗೆ, ಅಂಗಡಿ ಲೆಕ್ಕಕ್ಕೆ ಅಷ್ಟು ಸಾಕಾಗಿತ್ತು. ಆದರೆ ಆ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಕೆಳಜಾತಿಯ ಮಕ್ಕಳಿಗೆ ಅಂಗಳವೂ ಸಿಗುತ್ತಿರಲಿಲ್ಲ, ಹೆಣ್ಣುಮಕ್ಕಳ ಮಾತಂತೂ ದೂರ.

ಮಿಷನ್ 1836ರಲ್ಲಿ ಮಂಗಳೂರಿನಲ್ಲಿ ಕನ್ನಡ ಶಾಲೆಯನ್ನೂ ಎರಡು ವರ್ಷ ಕಳೆದು ಇಂಗ್ಲಿಷ್ ಶಾಲೆಯನ್ನೂ ತೆರೆಯಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಕರಾವಳಿಯಲ್ಲಿ ಮೂಲ್ಕಿ, ಉಡುಪಿ ಎಂದು ಮಿಷನ್‌ನ ಠಾಣೆಗಳು, ಅಂದರೆ ಕೇಂದ್ರಗಳು, ಹರಡಿದವು. ಪ್ರತಿ ಠಾಣೆಯ ಸುತ್ತ ಹಳ್ಳಿ ಶಾಲೆಗಳು ಹುಟ್ಟಿಕೊಂಡವು. ಒಂದು ಬಗೆಯವು ಕ್ರೈಸ್ತ ಮಕ್ಕಳಿಗೆ, ಇನ್ನೊಂದು ಬಗೆಯವು ಊರಿನ ಉಳಿದ ಮಕ್ಕಳಿಗೆ. ಎರಡನೆಯ ಬಗೆಯವುಗಳಲ್ಲಿ ಪಾಠ ಹೇಳುತ್ತಿದ್ದವರು ಎಷ್ಟೋ ಕಡೆ ಬ್ರಾಹ್ಮಣ ಮೇಷ್ಟ್ರು. ಕ್ರೈಸ್ತ ಉಪಾಧ್ಯಾಯರು ಇನ್ನೂ ತಯಾರಾಗಿರಲಿಲ್ಲವಲ್ಲ! ಬೈಬಲ್ ಕಥೆ ಇರುವ ಪಾಠಪುಸ್ತಕ, ಅದನ್ನು ಓದಿಸುವವರು ಜನಿವಾರದ ಮೇಷ್ಟ್ರು. ಈ ವ್ಯವಸ್ಥೆಯ ಬಗ್ಗೆ ಮಿಷನ್‌ನವರಿಗೆ ಕಸಿವಿಸಿ ಇದ್ದೇ ಇತ್ತು, ಆದರೂ ನಡೆಸಿದರು.

1836ರ ಕೊನೆಗೆ ಬಂದ ಹರ್ಮನ್ ಮೋಗ್ಲಿಂಗ್ ಉಳಿದವರಂತಲ್ಲ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಹುಡುಗರನ್ನು ಮಂಗಳೂರಿನಲ್ಲಿ ತಮ್ಮ ಜೊತೆಯಲ್ಲೇ ಇಟ್ಟುಕೊಂಡು, ಅವರಂತೆಯೇ ಇದ್ದು, ಕನ್ನಡದಲ್ಲೇ ಪಾಠ ಹೇಳಿದರು. ಬಲ್ಮಠದ ಗುಡ್ಡದ ಮೇಲೆ ಉಪದೇಶಕರನ್ನು ತಯಾರಿಸುವ ಶಾಲೆ 1847ರಲ್ಲಿ ಶುರುವಾಯಿತು. ಕಲಿಸಲು ಹೊರಟರೆ ಕೈಯಲ್ಲಿ ಪುಸ್ತಕವಿಲ್ಲ. ಹಾಗಾಗಿ ಕಲ್ಲಚ್ಚಿನ ಮುದ್ರಣ ಬಂತು, ಗಾದೆ ಸಂಗ್ರಹ ಬಂತು, ದಾಸರ ಪದಗಳು ಅಚ್ಚಾದವು, 1843ರ ಜುಲೈ 1ರಂದು ನಾಲ್ಕು ಪುಟದ ‘ಮಂಗಳೂರ ಸಮಾಚಾರ’ ಹೊರಬಂತು. ಓದಲು ಕಲಿತವರಿಗೆ ಓದಲು ಏನಾದರೂ ಬೇಕಿತ್ತು, ಪತ್ರಿಕೆಯ ಹಿಂದಿನ ಒತ್ತಾಯಗಳಲ್ಲಿ ಅದೂ ಒಂದು.

ಆರು ತಿಂಗಳಲ್ಲಿ ಊರು ಅಲ್ಲಾಡಿತು. 1844ರ ಜನವರಿ 6ರಂದು ಇಂಗ್ಲಿಷ್ ಶಾಲೆಯ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಊರು ಕೆರಳಿತು, ಶಾಲೆಯ ಬೆಂಚುಗಳು ಖಾಲಿಯಾದವು. ಶಾಲೆ ಎಂದರೆ ಮಕ್ಕಳನ್ನು ಕಸಿದುಕೊಳ್ಳುವ ಉಪಾಯ ಎಂಬ ಭಯ ಊರಿನಲ್ಲಿ ನೆಲೆಯೂರಿತು. ಆ ಭಯಕ್ಕೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಮತಾಂತರವೇ ಮಿಷನ್‌ನ ಗುರಿ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಅವರಿಗೆ ದಾರಿ ಸಿಕ್ಕಿತು. ಅಂಥವರು ಬೆರಳೆಣಿಕೆಯಷ್ಟು.

ಕಷ್ಟ ಇದ್ದದ್ದು ಹಳ್ಳಿಯಲ್ಲಿ. ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ತೆಂಗು, ತಾಳೆ ಮರ ಹತ್ತಿ ಕಳ್ಳು ಇಳಿಸುವುದು ಅವರಲ್ಲಿ ಎಷ್ಟೋ ಮಂದಿಯ ಕಸುಬು. ಕಳ್ಳಿಗೂ ಮಿಷನ್ನಿಗೂ ಆಗದು, ಕಸುಬು ಬಿಡಬೇಕು. ಭೂತಾರಾಧನೆ ಬಿಡಬೇಕು, ಅದನ್ನು ಬಿಟ್ಟರೆ ಗುತ್ತಿನ ಮನೆಯ, ಅಂದರೆ ಊರಿನ ಜಮೀನ್ದಾರ ಮನೆತನದ, ಜೊತೆಗಿನ ಕೊಡುಕೊಳ್ಳುವಿಕೆಯೂ ಹೋಯಿತು. ಗೇಣಿಗೆ ಕೊಟ್ಟ ಗದ್ದೆಯನ್ನು ಧಣಿ ಹಿಂದಕ್ಕೆ ಪಡೆದರೆ ಕೇಳುವವರಿಲ್ಲ. ಅವಿಭಕ್ತ ಕುಟುಂಬದ ಪಾಲು ಬಿಟ್ಟುಹೋಗುತ್ತಿತ್ತು. ಸಂಬಂಧ ಬೆಳೆಸಲು ನೆಂಟರಿಲ್ಲ. ಅಕ್ಷರ ಬಂದಿತ್ತು, ಅದನ್ನು ಕಾಸಾಗಿಸುವ ನೌಕರಿ ಹಳ್ಳಿಯಲ್ಲಿರಲಿಲ್ಲ. ಉಪದೇಶಕ ಅಥವಾ ಮೇಷ್ಟ್ರಾಗಬಹುದು, ಎಷ್ಟು ಜನ ಆಗಲು ಸಾಧ್ಯ?

ಮೊದಲು ತೋಚಿದ್ದು ಬೇಸಾಯ. ಗದಗದ ಹತ್ತಿರದ ಮಲ್ಲಸಮುದ್ರದಲ್ಲಿ 1841ರ ಹೊತ್ತಿಗೆ ಮಿಷನ್ ಜಮೀನು ಹಿಡಿದು ಕ್ರೈಸ್ತ ರೈತರ ಊರೊಂದನ್ನು ಕಟ್ಟಲು ಹೊರಟಿತು. ಇದರ ಹಿನ್ನೆಲೆ ಸ್ವಾರಸ್ಯವಾಗಿದೆ. ಆ ಸೀಮೆಯಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿ, ಹೊಸ ಕಾಲಕ್ಕಾಗಿ ಕಾಯುತ್ತಿದ್ದ ಪಂಥದವರಿದ್ದರು. ಅವರು ಪಾದ್ರಿಗಳ ಮಾತಿನಲ್ಲಿ ತಮ್ಮ ಕಾಲಜ್ಞಾನದ ಗುರುತು ಕಂಡು ಒಟ್ಟಾಗಿ ಬರುತ್ತೇವೆ ಎಂಬ ಭರವಸೆ ಹುಟ್ಟಿಸಿದರು. ಪಾದ್ರಿಗಳು ನಂಬಿ ಊರು ಕಟ್ಟಲು ನಿಂತರು. ಪಂಥದವರು ಬರಲಿಲ್ಲ. ಯಾರು ಯಾರನ್ನು ತಪ್ಪು ತಿಳಿದುಕೊಂಡರು ಎಂದು ಈಗ ಹೇಳುವುದು ಕಷ್ಟ. ಬಯಲುಸೀಮೆಯ ಜನ ಬಂದವರಿಗೆ ಇಲ್ಲವೆನ್ನದೆ ‘ಆಗಲಿ, ನೋಡೋಣು’ ಎಂದಿರಬಹುದು ಎಂದು ನನ್ನ ಅನುಮಾನ. ಜರ್ಮನ್ನರಿಗೆ ಅದರ ಅರ್ಥ ತಿಳಿಯುವಷ್ಟು ಕನ್ನಡ ಆಗಿನ್ನೂ ಬಂದಿರಲಿಕ್ಕಿಲ್ಲ.

ಎರಡನೆಯ ಪ್ರಯತ್ನ ಕೊಡಗಿನದು. ಆಲ್ಮಂಡ ಸೋಮಯ್ಯ ಎಂಬ ಕೊಡವರು ಕ್ರೈಸ್ತರಾದಾಗ ಮೋಗ್ಲಿಂಗ್ 1853ರಲ್ಲಿ ಅವರ ಬೆನ್ನಿಗೆ ಕೊಡಗಿಗೆ ಹೋದರು. ಕೊಡವರು ಸಾಲುಸಾಲಾಗಿ ಬರುತ್ತಾರೆ ಎಂಬ ನಿರೀಕ್ಷೆ ಸುಳ್ಳಾಯಿತು. ಬಂದವರು ಹೊಲೆಯ ಸಮುದಾಯದವರು. ಕೊಡಗಿನಲ್ಲಿ ಅವರ ಸ್ಥಿತಿ ಜೀತಕ್ಕಿಂತ ಕಡೆ. ಜಮ್ಮದ ಭೂಮಿಯ, ಅಂದರೆ ವಂಶಪಾರಂಪರ್ಯದ ಹಿಡುವಳಿಯ, ಜೊತೆ ಆಳೂ ಸೇರಿದ ಲೆಕ್ಕ. 1843ರ ಐದನೆಯ ಕಾಯಿದೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆಯನ್ನು ತೆಗೆದುಹಾಕಿತ್ತು, ಕಾಡಿನ ಅಂಚಿನ ಗದ್ದೆಗೆ ಆ ಸುದ್ದಿ ತಲುಪುವುದು ಬೇರೆ ಮಾತು. ಇವರಿಗಾಗಿ 1850ರ ದಶಕದ ಕೊನೆಗೆ ಆನಂದಪುರ ಎಂಬ ಹಳ್ಳಿ ಹುಟ್ಟಿತು. ಮನೆ, ಗದ್ದೆ, ಶಾಲೆ, ಕಾಫಿ ತೋಟ. ಕೌಂಡಿನ್ಯ ಅವರೂ ಮುಂದೆ ಅಲ್ಲಿ ಕೆಲಸ ಮಾಡಿದರು. ಬ್ರಾಹ್ಮಣರಾಗಿ ಹುಟ್ಟಿದ ಪಾದ್ರಿ ಹೊಲೆಯರ ಕೇರಿಯಲ್ಲಿ ನೆಲೆಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆನಂದಪುರ ಉಳಿಯಿತು. ಮಲ್ಲಸಮುದ್ರ ಉಳಿಯಲಿಲ್ಲ. ಒಂದು ಕಡೆ ಬಂದವರು ಜಮೀನು ಇಲ್ಲದವರು, ಇನ್ನೊಂದು ಕಡೆ ಕರೆದದ್ದು ಜಮೀನು ಇದ್ದವರನ್ನು. ವ್ಯತ್ಯಾಸ ಅಲ್ಲೇ ಇದೆ ಅನ್ನಿಸುತ್ತದೆ.

ಎಲ್ಲರಿಗೂ ಕಾಫಿ ತೋಟ ಕೊಡಲಾಗದು. 1851ರಲ್ಲಿ ಇಬ್ಬರು ಕಸುಬುದಾರರು ಮಂಗಳೂರಿಗೆ ಬಂದರು. ಗಿಯೋರ್ಗ್ ಪ್ಲೆಬ್ಸ್ಟ್ ಅಚ್ಚಿನ ಮೊಳೆಯ ಕೆಲಸದವರು, ಹಾಲರ್ ನೇಯ್ಗೆಯವರು. ಹಾಲರ್ ನೇಯ್ಗೆ ಕಾರ್ಖಾನೆ ಕಟ್ಟಿದರು. ಖಾಕಿ ಬಣ್ಣ ಅಲ್ಲೇ ಹುಟ್ಟಿತು ಎಂದು ಮಂಗಳೂರಿನವರು ಈಗಲೂ ಹೇಳುತ್ತಾರೆ, ವಾಯವ್ಯ ಗಡಿಯ ಸೈನಿಕರು ಅದಕ್ಕೂ ಮೊದಲೇ ಖಾಕಿ ತೊಟ್ಟಿದ್ದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಸಿಕ್ಕಿದ್ದು ಅದೃಷ್ಟ. ಶಾಲೆಯಲ್ಲಿ ಓದಿದ ಹುಡುಗರು ಮೊಳೆ ಜೋಡಿಸಲು, ಲೆಕ್ಕ ಬರೆಯಲು ನಿಂತರು, ಓದು ಹತ್ತದವರು ಮಗ್ಗಕ್ಕೆ, ಆವಿಗೆಗೆ ಹೋದರು.

ಇಲ್ಲಿ ಒಂದು ಇಕ್ಕಟ್ಟೂ ಇತ್ತು. ಪೂಜೆಗೆ ಪಾದ್ರಿ, ಕೂಲಿಗೆ ಧಣಿ, ಮನೆಗೆ ಒಡೆಯ, ಮಕ್ಕಳಿಗೆ ಶಾಲೆಯ ಮೇಲ್ವಿಚಾರಕ, ಎಲ್ಲವೂ ಮಿಷನ್ ಒಂದೇ. ಭಾನುವಾರ ತಪ್ಪಿದರೆ ಸೋಮವಾರದ ಕೆಲಸದ ಮೇಲೆ ಕಣ್ಣು. ಗುತ್ತಿನ ಧಣಿಯಿಂದ ಬಿಡಿಸಿಕೊಂಡು ಬಂದವರು ಇನ್ನೊಂದು ಬಗೆಯ ಧಣಿಯ ಕೈಗೆ ಸಿಕ್ಕರು ಎಂದರೆ ಒರಟಾಗುತ್ತದೆ, ಪೂರ್ತಿ ಸುಳ್ಳಾಗುವುದಿಲ್ಲ. ಆದರೆ ಈ ಧಣಿ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂದು ಹಟ ಹಿಡಿಯುತ್ತಿದ್ದ, ಗಂಡು ಹೆಣ್ಣೆನ್ನದೆ. ಮೂಲ್ಕಿಯಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ ನಡೆಯಿತು, ನಡೆಸಿದವರು ಬಹುಪಾಲು ಪಾದ್ರಿಗಳ ಹೆಂಡತಿಯರು. ವರದಿಗಳಲ್ಲಿ ಅವರ ಹೆಸರು ಗಂಡನ ಹೆಸರಿನ ಬೆನ್ನಿಗೆ ಅಡಗಿಕೊಂಡಿರುತ್ತದೆ. ಹೊಲಿಗೆ, ಬರಹ, ಬೈಬಲ್. ಹುಡುಗಿಯರನ್ನು ಉಪದೇಶಕರಿಗೆ ತಕ್ಕ ಹೆಂಡತಿಯರನ್ನಾಗಿ ಮಾಡುವುದು ಉದ್ದೇಶ. ಅವರಲ್ಲಿ ಕೆಲವರು ಟೀಚರಮ್ಮಂದಿರೂ ಆದರು.

1854ರಲ್ಲಿ ವುಡ್ ಅವರ ಶಿಕ್ಷಣ ಆದೇಶ ಬಂದು, ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ಸಿಗುವಂತಾಯಿತು. ಅನುದಾನ ಬೇಕಾದರೆ ಸರ್ಕಾರದ ಪಠ್ಯ, ಸರ್ಕಾರದ ತಪಾಸಣೆ. ಧರ್ಮಪಾಠ ಒಂದು ಗಂಟೆಗೆ ಇಳಿಯಿತು, ಲೆಕ್ಕ, ಭೂಗೋಳ ದಿನವನ್ನು ತುಂಬಿದವು. ಪೋಷಕರಿಗೆ ಬೇಕಾಗಿದ್ದದ್ದೂ ಅದೇ.

ಸರ್ಕಾರಿ ಶಾಲೆ ಯಾರಿಗೆ ಎಂಬ ಪ್ರಶ್ನೆ ಎದ್ದದ್ದೂ ನಮ್ಮ ಧಾರವಾಡದಲ್ಲೇ. 1856ರಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಮುಂಬಯಿ ಸರ್ಕಾರ ಒಪ್ಪಲಿಲ್ಲ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟುಹೋಗುತ್ತಾರೆ ಎಂಬುದು ಅದರ ವಾದ. ವಿಷಯ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಸರ್ಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ನಿರ್ದೇಶಕರು ಹೇಳಿದರು. ಕಾಗದದ ಮೇಲೆ ತೀರ್ಮಾನವಾಯಿತು, ತರಗತಿಯೊಳಗೆ ಆಗಲು ಇನ್ನೂ ಹಲವು ದಶಕ ಹಿಡಿಯಿತು. ಅದೇ ಧಾರವಾಡದ ಮಿಷನ್ ಶಾಲೆಗಳ ಬಾಗಿಲು ಅಂಥ ಹುಡುಗರಿಗೆ ಯಾಕೆ ದೊಡ್ಡದಾಗಿ ಕಂಡಿತು ಎಂದು ಇದರಿಂದ ತಿಳಿಯುತ್ತದೆ. 1876-78ರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನೂ ಬಯಲುಸೀಮೆಯ ಠಾಣೆಗಳು ತೆಗೆದುಕೊಂಡು ಸಾಕಿದವು. ಹಸಿವಿನ ಹೊತ್ತಿನಲ್ಲಿ ಕೊಟ್ಟ ಧರ್ಮದ ಬಗ್ಗೆ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ.

ಮಿಷನ್ ಶಾಲೆಗಳಲ್ಲಿ ಓದಿದ ಹಿಂದೂ ಮಕ್ಕಳಲ್ಲಿ ಬಹುತೇಕರು ಹಿಂದೂಗಳಾಗಿಯೇ ಉಳಿದರು. ಓದು ತೆಗೆದುಕೊಂಡರು, ಉಪದೇಶ ಅಲ್ಲೇ ಬಿಟ್ಟರು. ಮಿಷನ್‌ನ ಲೆಕ್ಕದಲ್ಲಿ ಇದು ನಷ್ಟ. ಊರಿನ ಲೆಕ್ಕ ಬೇರೆ. ಮಿಷನ್‌ಗಳ ಪೈಪೋಟಿಗೆ ಎದುರಾಗಿ ಊರಿನವರದೇ ಶಾಲೆಗಳು ಎದ್ದವು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನು, ಮೂರು ವರ್ಷ ಕಳೆದು ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. 1892ರಲ್ಲಿ ಕುದ್ಮುಲ್ ರಂಗರಾವ್ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರುಮಾಡಿದರು. ಕೌಂಡಿನ್ಯರ ಸಾರಸ್ವತ ಸಮುದಾಯದಲ್ಲೇ ಹುಟ್ಟಿದ ಅವರು ಬ್ರಹ್ಮ ಸಮಾಜದ ದಾರಿ ಹಿಡಿದವರು, ಮತ ಬದಲಿಸಿ ಎಂದು ಯಾರಿಗೂ ಹೇಳಲಿಲ್ಲ. ಸ್ವಜನರೇ ಅವರನ್ನು ಬಹಿಷ್ಕರಿಸಿದರು. ಶಾಲೆಯ ಜೊತೆಗೆ ನಿವೇಶನ, ಕಸುಬು, ಮಕ್ಕಳ ಊಟ ಎಲ್ಲವನ್ನೂ ಅವರೂ ನೋಡಬೇಕಾಯಿತು. ಕ್ರೈಸ್ತರಲ್ಲದಿದ್ದರೂ ಅವರಿಗೆ ಎದುರಾದದ್ದು ಅದೇ ಪ್ರಶ್ನೆ.

1914ರಲ್ಲಿ ಯುದ್ಧ ಶುರುವಾಗುತ್ತಲೇ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಬಂಧನ ಶಿಬಿರಕ್ಕೆ ಒಯ್ದು, ಆಮೇಲೆ ದೇಶದಿಂದ ಕಳಿಸಿದರು. ಹೆಂಚು, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಶಾಲೆಗಳನ್ನು ಎಳೆದುಕೊಂಡು ಹೋದವರು ಇಲ್ಲಿಯ ಕ್ರೈಸ್ತ ಸಭೆಗಳು, ಇಲ್ಲಿಯ ಮೇಷ್ಟ್ರುಗಳು. ಎಂಬತ್ತು ವರ್ಷ ತಯಾರಿಸಿದ ಉಪಾಧ್ಯಾಯರು ಆಗ ಕೆಲಸಕ್ಕೆ ಬಂದರು.

ಆನಂದಪುರದಂಥ ಹಳ್ಳಿಗಳ ಮೊಮ್ಮಕ್ಕಳಿಗೆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ ಇಡಲಾಗಿದೆ. ಹಾಗಾಗಿ ಇಗರ್ಜಿಯ ದಾಖಲೆಯಲ್ಲಿ ಹೆಸರಿರುವ ಹುಡುಗ ಪಿಯುಸಿ ಮುಗಿಸಿ ತಹಸೀಲ್ದಾರರ ಕಚೇರಿಗೆ ಹೋದರೆ, ಮುತ್ತಜ್ಜ ಯಾವ ಜಾತಿಯಿಂದ ಬಂದರೆಂದು ತೋರಿಸಬೇಕಾಗುತ್ತದೆ. ಮುತ್ತಜ್ಜ ಅಳಿಸಿಕೊಳ್ಳಲು ಹೊರಟಿದ್ದೂ ಅದನ್ನೇ. ಈ ಮಾನ್ಯತೆಯ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು.