ಮಗುವಿನ ಆಧಾರ್ ಜೆರಾಕ್ಸ್ ಶಾಲೆಯಿಂದ ಎಲ್ಲಿಗೆ ಹೋಗುತ್ತದೆ?

ಮೇ ಕೊನೆಯ ವಾರ ಶುರುವಾದರೆ ಜೂನ್ ಅರ್ಧ ಮುಗಿಯುವವರೆಗೂ ದಾವಣಗೆರೆಯ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಮಗುವಿನ ಆಧಾರ್, ಅಪ್ಪ ಅಮ್ಮನ ಆಧಾರ್, ಜಾತಿ-ಆದಾಯ ಪತ್ರ, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಜನನ ಪ್ರಮಾಣಪತ್ರ, ಹಳೇ ಶಾಲೆಯ ಟಿಸಿ, ನಾಲ್ಕು ಫೋಟೊ. 'ಎರಡು ಸೆಟ್ ತನ್ನಿ' ಅಂತ ಶಾಲೆಯವರು ಹೇಳಿ ಕಳಿಸಿರುತ್ತಾರೆ. ಎರಡನೇ ಸೆಟ್ ಯಾತಕ್ಕೆ ಅಂತ ಕೇಳಿದರೆ ಬರುವ ಉತ್ತರ, 'ಇರಲಿ, ಮುಂದೆ ಬೇಕಾಗುತ್ತೆ.'

ಮಕ್ಕಳ ಮಾಹಿತಿ ಸೋರಿಕೆಗೆ ಈ 'ಇರಲಿ'ಯೇ ಮೂಲ. ಯಾರೋ ಹ್ಯಾಕರ್ ಸರ್ವರ್ ಒಡೆದು ಮಕ್ಕಳ ಪಟ್ಟಿ ಕದ್ದ ಅನ್ನುವುದು ಶಾಲೆಗಳ ಮಟ್ಟದಲ್ಲಿ ಅಪರೂಪ. ಬೇಡದೇ ಇದ್ದದ್ದನ್ನು ಕೇಳಿ ಇಟ್ಟುಕೊಂಡದ್ದು, ಇಟ್ಟುಕೊಂಡದ್ದನ್ನು ಕೇಳಿದವರಿಗೆಲ್ಲ ಕಳಿಸಿದ್ದು, ಕಳಿಸಿದ್ದನ್ನು ಅಳಿಸದೇ ಬಿಟ್ಟದ್ದು, ಬಹುಪಾಲು ಸೋರಿಕೆ ಇಷ್ಟರಲ್ಲೇ ಆಗಿಹೋಗಿರುತ್ತದೆ.

ಮೊದಲು, ನಿಜಕ್ಕೂ ಏನು ಬೇಕು ಅನ್ನುವುದನ್ನು ನೋಡೋಣ. ವಿದ್ಯಾರ್ಥಿಗಳ ದಾಖಲೆ ಇಡುವ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ನಂಬರ್ ಇರುತ್ತದೆ. ದೇಶದ ಶಾಲೆಗಳ ಮಾಹಿತಿ ಕಲೆಹಾಕುವ ಕೇಂದ್ರದ ಯುಡೈಸ್ ಪ್ಲಸ್ 2022-23ರಿಂದ ಶಾಲೆಯ ಒಟ್ಟು ಲೆಕ್ಕದ ಬದಲು ಒಂದೊಂದು ಮಗುವಿನ ವಿವರವನ್ನೇ ತೆಗೆದುಕೊಳ್ಳುತ್ತಿದೆ, ಅಲ್ಲಿ ಮಗುವಿಗೆ 11 ಅಂಕಿಯ ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) ನಂಬರ್. ಹೆಸರು, ಹುಟ್ಟಿದ ದಿನ, ತಂದೆ-ತಾಯಿ ಹೆಸರು, ಮಾತೃಭಾಷೆ, ಸಾಮಾಜಿಕ ವರ್ಗ, ಬಿಪಿಎಲ್ ಹೌದೋ ಅಲ್ಲವೋ, ಅಂಗವೈಕಲ್ಯ ಇದ್ದರೆ ಯಾವ ಬಗೆ, ರಕ್ತದ ಗುಂಪು, ಎತ್ತರ, ತೂಕ, ಮನೆಯಿಂದ ಶಾಲೆಗೆ ಎಷ್ಟು ದೂರ, ಪೋಷಕರು ಎಲ್ಲಿಯವರೆಗೆ ಓದಿದ್ದಾರೆ, ಇವೆಲ್ಲ ಅದರ ಕಾಲಂಗಳು. ಪಟ್ಟಿ ಉದ್ದವೇ. ಆದರೆ ಗಮನಿಸಿ, ಇವೆಲ್ಲ ಟೈಪ್ ಮಾಡುವ ವಿವರಗಳು. ನೋಡಿ, ತುಂಬಿ, ಮೂಲ ಕಾಗದವನ್ನು ಅಲ್ಲೇ ವಾಪಸ್ ಕೊಟ್ಟರೆ ಕೆಲಸ ಮುಗಿಯಿತು. ಇನ್ನು ಪಾಸ್‌ಬುಕ್: ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ವಿದ್ಯಾರ್ಥಿವೇತನ ಆಧಾರ್‌ಗೆ ಸೀಡ್ (ಜೋಡಣೆ) ಆದ ಖಾತೆಗೇ ಜಮಾ ಆಗುತ್ತದೆ. ಸೀಡ್ ಆಗಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಮಾಡಿಸಬೇಕು, ಪಾಸ್‌ಬುಕ್ ಜೆರಾಕ್ಸ್ ಶಾಲೆಯ ಕಪಾಟಿನಲ್ಲಿ ಇದ್ದ ಮಾತ್ರಕ್ಕೆ ದುಡ್ಡು ಬರುವುದಿಲ್ಲ.

ಆಧಾರ್ ಇಲ್ಲ ಅಂದರೆ ಸೀಟಿಲ್ಲ ಅನ್ನುವ ಮಾತು ಈಗಲೂ ಕೇಳಿಬರುತ್ತದೆ. 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ ಅಂತ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಕುರಿ ಹಿಂದೆ ಊರೂರು ಸುತ್ತುವ ಕುಟುಂಬಗಳ ಮಕ್ಕಳಿಗೆ, ಚನ್ನಗಿರಿ, ನ್ಯಾಮತಿಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗುವವರ ಮಕ್ಕಳಿಗೆ ಈ ಎರಡು ಸಾಲು ಬಹಳ ಮುಖ್ಯ.

ಆಧಾರ್ ಕೊಡುವವರು ಮಾಸ್ಕ್ ಮಾಡಿದ ಪ್ರತಿ ಕೊಡಿ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ತಾಣದಿಂದ ಇಳಿಸಿಕೊಳ್ಳುವಾಗ 'ಮಾಸ್ಕ್ಡ್' ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಉಳಿಯುತ್ತವೆ. ಪೂರ್ತಿ ನಂಬರ್ ಬೇಕೇಬೇಕಾದ ಕಡೆ, ಜೆರಾಕ್ಸಿನ ಮೇಲೆ ಅಡ್ಡಲಾಗಿ, ಅಕ್ಷರಗಳ ಮೇಲೆಯೇ ಹಾಯುವಂತೆ ಬರೆಯಿರಿ: 'ಎಸ್‌ಎಸ್‌ಪಿ ಅರ್ಜಿಗೆ ಮಾತ್ರ', ತಾರೀಖು, ಸಹಿ. ಅಂಚಿನಲ್ಲಿ ಬರೆದರೆ ಉಪಯೋಗವಿಲ್ಲ, ಇನ್ನೊಂದು ಜೆರಾಕ್ಸ್ ತೆಗೆಯುವಾಗ ಅಂಚು ಮುಚ್ಚಿಬಿಡಬಹುದು. ಅಂಗಡಿಯವನ ವಾಟ್ಸ್‌ಆ್ಯಪ್‌ಗೆ ಕಳಿಸಿ ಪ್ರಿಂಟ್ ತೆಗೆಸುವವರು ಅಲ್ಲೇ ನಿಂತು ಆ ಚಾಟ್ ಮತ್ತು ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನ ಪ್ರತಿ, ಎರಡನ್ನೂ ಅಳಿಸಿಸಬೇಕು. ಚಾಟ್ ಅಳಿಸಿದರೆ ಫೋಲ್ಡರಿನದು ಹೋಗುವುದಿಲ್ಲ.

ಹೆಸರಿನ ಗೋಳನ್ನೂ ಇಲ್ಲೇ ಹೇಳಬೇಕು. ಯುಡೈಸ್ ಪ್ಲಸ್ ಹೆಸರು, ಲಿಂಗ, ಜನ್ಮದಿನ ಮೂರನ್ನೂ ಆಧಾರ್ ಜತೆ ತಾಳೆ ನೋಡುತ್ತದೆ. ಕನ್ನಡದಲ್ಲಿ ಮಂಜುನಾಥ ಒಬ್ಬನೇ, ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಗೆ ಒಂದು 'ಎ' ಇರುವವನು ಒಬ್ಬ, ಇಲ್ಲದವನು ಇನ್ನೊಬ್ಬ. ಇನಿಶಿಯಲ್ ಹಿಂದೆಯೋ ಮುಂದೆಯೋ, ನಡುವೆ ಚುಕ್ಕಿಯೋ ಜಾಗವೋ, ಅಷ್ಟಕ್ಕೇ ತಾಳೆ ತಪ್ಪುತ್ತದೆ. ಆಗ ಶಾಲೆ 'ಆಧಾರ್ ತಿದ್ದಿಸಿಕೊಂಡು ಬನ್ನಿ' ಅನ್ನುತ್ತದೆ. ದುಡುಕಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ, ಜನ್ಮದಿನಕ್ಕೆ ಒಂದೇ. ಜನನ ಪ್ರಮಾಣಪತ್ರ ಮುಂದಿಟ್ಟುಕೊಂಡು ತಪ್ಪು ಯಾವುದರಲ್ಲಿದೆ ಅಂತ ನೋಡಿ, ತಪ್ಪಿದ್ದನ್ನು ಮಾತ್ರ ತಿದ್ದಿಸಿ. ಎಸ್‌ಎಸ್‌ಎಲ್‌ಸಿ ನೋಂದಣಿಗೂ ಸ್ಯಾಟ್ಸ್ ವಿವರವೇ ಆಧಾರ, ಆದ್ದರಿಂದ ಇದೆಲ್ಲ ಒಂಬತ್ತನೇ ಕ್ಲಾಸ್ ಮುಗಿಯುವುದರೊಳಗೆ ಆಗಿರಬೇಕು.

ಈಗ ಶಾಲೆಯ ಒಳಗೆ. ಬೆಳಿಗ್ಗೆ 11ಕ್ಕೆ ಮುಖ್ಯ ಶಿಕ್ಷಕರ ಗ್ರೂಪಿಗೆ ಮೆಸೇಜ್ ಬರುತ್ತದೆ: 'ತುರ್ತು. ಮಧ್ಯಾಹ್ನ 3ರೊಳಗೆ ಸಮವಸ್ತ್ರದ ಅಳತೆಯ ಪಟ್ಟಿ.' ಎಚ್‌ಎಂ ಅದನ್ನು ಕ್ಲಾಸ್ ಟೀಚರಿಗೆ ಫಾರ್ವರ್ಡ್ ಮಾಡುತ್ತಾರೆ. ಟೀಚರ್ ಬಳಿ ಜೂನ್‌ನಲ್ಲಿ ಮಾಡಿಟ್ಟ ಒಂದು ಎಕ್ಸೆಲ್ ಫೈಲ್ ಇದೆ, 'ಕ್ಲಾಸ್ 7 ಫೈನಲ್ ನ್ಯೂ 2' ಅನ್ನುವಂಥ ಹೆಸರಿನದು. ಸ್ಯಾಟ್ಸ್ ನಂಬರ್, ಆಧಾರ್, ಜಾತಿ, ಜಾತಿ-ಆದಾಯ ಪತ್ರದ ಮೇಲಿನ ಆರ್‌ಡಿ ನಂಬರ್, ಬ್ಯಾಂಕ್ ಖಾತೆ, ಅಪ್ಪನ ಮೊಬೈಲ್, ಎಲ್ಲ ಒಂದೇ ಹಾಳೆಯಲ್ಲಿ. ಕೊನೆಗೆ ಅಳತೆಯ ಕಾಲಂ ಸೇರಿಸುತ್ತಾರೆ, ಬೇಡದ ಕಾಲಂಗಳನ್ನು 'ಹೈಡ್' ಮಾಡುತ್ತಾರೆ, ಗ್ರೂಪಿಗೆ ಹಾಕುತ್ತಾರೆ.

ಹೈಡ್ ಮಾಡಿದ್ದು ಹೋಗಿರುವುದಿಲ್ಲ. ಯಾರಾದರೂ ಬಲಗುಂಡಿ ಒತ್ತಿ 'ಅನ್‌ಹೈಡ್' ಅಂದರೆ ಎಲ್ಲ ಕಣ್ಣಮುಂದೆ. ಗ್ರೂಪಿನಲ್ಲಿ ನೂರಾರು ಜನ, ಅರ್ಧದಷ್ಟು ಫೋನುಗಳಲ್ಲಿ ಫೈಲ್ ತಾನಾಗೇ ಇಳಿದಿರುತ್ತದೆ. ಸರಿಯಾದ ದಾರಿಗೆ ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತದೆ: ಹೊಸ ಫೈಲ್ ತೆರೆದು, ಬೇಕಾದ ಮೂರು ಕಾಲಂ ಮಾತ್ರ ಕಾಪಿ ಮಾಡಿ, ಪೇಸ್ಟ್ ಮಾಡುವಾಗ 'ವ್ಯಾಲ್ಯೂಸ್ ಓನ್ಲಿ' ಆರಿಸಿ, ಗ್ರೂಪ್ ಬಿಟ್ಟು ಕೇಳಿದವರಿಗೇ ನೇರ ಕಳಿಸುವುದು. ಆಧಾರ್ ಅಥವಾ ಆರ್‌ಡಿ ನಂಬರ್ ಇರುವ ಫೈಲ್ ಆದರೆ ಪಾಸ್‌ವರ್ಡ್ ಹಾಕಿ, ಅದನ್ನು ಫೋನ್ ಮಾಡಿ ಹೇಳಿ. ಫೈಲಿನ ಕೆಳಗೇ ಪಾಸ್‌ವರ್ಡನ್ನೂ ಟೈಪಿಸುವುದು ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದಂತೆ.

ಗೂಗಲ್ ಫಾರಂ ಕಥೆ ಬೇರೆ. ಟೀಚರ್ ತಮ್ಮ ಸ್ವಂತ ಜಿಮೇಲ್‌ನಲ್ಲಿ ಫಾರಂ ಮಾಡಿರುತ್ತಾರೆ. ಪೋಷಕರು ಅಪ್‌ಲೋಡ್ ಮಾಡಿದ ದಾಖಲೆಗಳೆಲ್ಲ ಆ ಟೀಚರ್ ಡ್ರೈವ್‌ಗೆ ಹೋಗಿ ಕೂರುತ್ತವೆ. ಅವರಿಗೆ ವರ್ಗವಾದರೆ ಮಕ್ಕಳ ದಾಖಲೆಯೂ ಅವರ ಜತೆ ಹೊರಟಿತು. ಶಾಲೆಯ ಹೆಸರಿನಲ್ಲೇ ಒಂದು ಖಾತೆ ಇರಲಿ, ಪಾಸ್‌ವರ್ಡ್ ಎಚ್‌ಎಂ ಚಾರ್ಜ್ ಪಟ್ಟಿಯಲ್ಲಿ ಕೈಬದಲಾಗಲಿ. ಸೆಟ್ಟಿಂಗ್‌ನಲ್ಲಿ ಉತ್ತರಗಳ ಸಾರಾಂಶ ತೋರಿಸುವ ಆಯ್ಕೆ ಆಫ್ ಇರಬೇಕು. ಆನ್ ಇದ್ದರೆ ಫಾರಂ ತುಂಬಿದ ಪ್ರತಿ ಪೋಷಕರೂ ಉಳಿದವರ ಉತ್ತರ ನೋಡಬಹುದು. ಶೀಟನ್ನು 'ಲಿಂಕ್ ಇರುವ ಯಾರಾದರೂ' ಎಂದು ಹಂಚುವುದಂತೂ ಬೇಡವೇ ಬೇಡ.

ಆರ್‌ಡಿ ನಂಬರ್ ಅಂದರೆ ಬರೀ ಒಂದು ನಂಬರ್ ಅಂತ ತಿಳಿಯುವವರೇ ಹೆಚ್ಚು. ಅದರ ಹಿಂದೆ ಆ ಮನೆಯ ಜಾತಿ ಮತ್ತು ವಾರ್ಷಿಕ ಆದಾಯ ಇದೆ. ಸೋರಿಕೆಗೆ ಕಂಪ್ಯೂಟರೇ ಬೇಕೆಂದೂ ಇಲ್ಲ. 'ಎಸ್‌ಸಿ, ಎಸ್‌ಟಿ ಮಕ್ಕಳು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಂ ಇದೆ' ಎಂದು ತರಗತಿಯಲ್ಲಿ ಕೂಗುವುದೂ ಸೋರಿಕೆಯೇ, ಎಲ್ಲಕ್ಕಿಂತ ಕ್ರೂರವಾದದ್ದು. ನೋಟಿಸ್ ಬೋರ್ಡಿಗೆ ಪ್ರವರ್ಗದ ಕಾಲಂ ಸಮೇತ ಪಟ್ಟಿ ಅಂಟಿಸುವುದೂ ಹಾಗೇ. ದಾಖಲಾತಿ ಸಂಖ್ಯೆ ಮಾತ್ರ ಬರೆದು 'ಇವರು ಕಚೇರಿಗೆ ಬನ್ನಿ' ಎಂದರೆ ಸಾಕು.

ಖಾಸಗಿ ಶಾಲೆಗಳ ಪೋಷಕರ ದೂರು ಬೇರೆ. ಮಗ ಎಸ್‌ಎಸ್‌ಎಲ್‌ಸಿ ಕೊನೆಯ ಪರೀಕ್ಷೆ ಬರೆದು ಮನೆಗೆ ಬರುವ ಮೊದಲೇ ಪಿಯು ಕಾಲೇಜುಗಳಿಂದ, ನೀಟ್ ಕೋಚಿಂಗ್‌ನವರಿಂದ ಕರೆ ಶುರು. ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಇದು ದೊಡ್ಡ ವ್ಯಾಪಾರ. ನಂಬರ್ ಸಿಗುವ ದಾರಿಗಳು ಎರಡು ಮೂರು. ಶಾಲೆಗೆ ಬಂದು 'ಕರಿಯರ್ ಗೈಡೆನ್ಸ್' ಮಾಡಿ ಹೋದವರು ಹಾಜರಿ ಪಟ್ಟಿ ಕೇಳಿ ಒಯ್ದಿರುತ್ತಾರೆ. ಉಚಿತ 'ಟ್ಯಾಲೆಂಟ್ ಟೆಸ್ಟ್'ನ ಓಎಂಆರ್ ಹಾಳೆಯಲ್ಲಿ ಅಪ್ಪನ ಮೊಬೈಲ್, ಉದ್ಯೋಗ ಕೇಳಿರುತ್ತಾರೆ, ಪರೀಕ್ಷೆ ಉಚಿತ ಆಗಿದ್ದು ಆ ಎರಡು ಕಾಲಂಗಾಗಿ. ಇನ್ನು ಕೆಲವು ಕಡೆ ಪಟ್ಟಿ ಒಳಗಿನಿಂದಲೇ ಹೋಗಿರುತ್ತದೆ. ಪತ್ತೆಗೆ ಒಂದು ಉಪಾಯ ಉಂಟು: ಟೆಸ್ಟ್, ಟ್ಯೂಷನ್, ಶಾಲಾ ಆ್ಯಪ್, ಒಂದೊಂದು ಕಡೆ ಪೋಷಕರ ಇನಿಶಿಯಲ್ ಬೇರೆ ಬೇರೆ ಕೊಡಿ. ಕರೆ ಮಾಡಿದವರು ಯಾವ ಇನಿಶಿಯಲ್ ಹಿಡಿದು ಕೂಗುತ್ತಾರೋ ಪಟ್ಟಿ ಹೊರಟದ್ದು ಅಲ್ಲಿಂದ. ಸರ್ಕಾರಿ ದಾಖಲೆಯಲ್ಲಿ ಮಾತ್ರ ಈ ಆಟ ಬೇಡ.

ಶಾಲಾ ಆ್ಯಪ್‌ಗಳಲ್ಲಿ ಎರಡು ದೋಷ ಮತ್ತೆ ಮತ್ತೆ ಕಾಣುತ್ತವೆ. ಮೊದಲ ಪಾಸ್‌ವರ್ಡ್ ಮಗುವಿನ ಜನ್ಮದಿನ, ಅದನ್ನು ಯಾರೂ ಬದಲಿಸುವುದಿಲ್ಲ, ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚಿಸಿಕೊಂಡ ಇಡೀ ತರಗತಿಗೆ ಗೊತ್ತಿರುತ್ತದೆ. ಎರಡನೆಯದು, ಅಂಕಪಟ್ಟಿಯ ಲಿಂಕಿನ ಕೊನೆಯಲ್ಲಿ ದಾಖಲಾತಿ ಸಂಖ್ಯೆ ಇರುವುದು. 1042 ಇದ್ದದ್ದನ್ನು 1043 ಮಾಡಿದರೆ ಪಕ್ಕದ ಮಗುವಿನ ಅಂಕಪಟ್ಟಿ ತೆರೆದುಕೊಳ್ಳುತ್ತದೆ. ಆ್ಯಪ್ ಕೊಳ್ಳುವ ಮೊದಲು ಆಡಳಿತ ಮಂಡಳಿಯವರು ಡೆಮೊದಲ್ಲಿ ಇದನ್ನು ತಾವೇ ಮಾಡಿ ನೋಡಬೇಕು. ಒಪ್ಪಂದ ಮುಗಿದಾಗ ಮಾಹಿತಿ ಹಿಂತಿರುಗಿಸಿ ಅಳಿಸುವ ಷರತ್ತು ಬರಹದಲ್ಲಿರಬೇಕು.

ಇನ್ನು ಒಪ್ಪಿಗೆ. ಮಗುವಿನ ಓದಿನ ದಾಖಲೆಗಳನ್ನೆಲ್ಲ ಒಂದೆಡೆ ಇಡುವ ಕೇಂದ್ರದ ಅಪಾರ್ ಐಡಿ 12 ಅಂಕಿಯದು, ಆಧಾರ್ ಮೇಲೆ ನಿಂತದ್ದು, ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ಗೆ ಜೋಡಣೆಯಾಗುವಂಥದ್ದು. ಅದಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಅದು ಐಚ್ಛಿಕ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ನಡೆಯುವುದು ಏನು? ಫಾರಂ ಮಗುವಿನ ಬ್ಯಾಗಿನಲ್ಲಿ ಬರುತ್ತದೆ, 'ನಾಳೆ ಸಹಿ ಹಾಕಿಸಿ ತಾ'. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ, ಅವರ ಮೇಲೆ ಶೇಕಡಾವಾರು ಗುರಿ ಕೂತಿರುತ್ತದೆ. ಆದರೆ ಒಪ್ಪದ ಪೋಷಕರಿಂದ 'ಸದ್ಯಕ್ಕೆ ಒಪ್ಪಿಗೆ ಇಲ್ಲ' ಎಂದು ಒಂದು ಸಾಲು ಬರೆಸಿಕೊಂಡು ಫೈಲಿಗೆ ಹಾಕಿದರೆ ಮೇಲಿನವರಿಗೆ ಉತ್ತರವೂ ಆಯಿತು, ದಾಖಲೆಯೂ ಆಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಒಪ್ಪಿಗೆ ಕೋರಿಕೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಡಲೇಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಶಾಲೆಗಳಿಗೆ ತಟ್ಟುವ ಮುಖ್ಯ ಭಾಗ ಜಾರಿಗೆ ಬರುವುದು 18 ತಿಂಗಳ ನಂತರ, ಅಂದರೆ 2027ರ ಮೇ. ಓದಿನ ಕೆಲಸಕ್ಕೆ, ಮಕ್ಕಳ ಸುರಕ್ಷತೆಗೆ, ಶಾಲಾ ಬಸ್ಸು ಎಲ್ಲಿದೆ ಎಂದು ನೋಡುವುದಕ್ಕೆ ವಿನಾಯಿತಿ ಇದೆ. ಫ್ಲೆಕ್ಸಿಗೆ, ಇನ್‌ಸ್ಟಾಗ್ರಾಂ ರೀಲ್ಸಿಗೆ, 625ಕ್ಕೆ ಇಷ್ಟು ಎಂಬ ಜಾಹೀರಾತಿಗೆ ಇಲ್ಲ. ಸುರಕ್ಷತಾ ಕ್ರಮ ಇಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಒಂದೇ ಸಹಿಯ ದಾಖಲಾತಿ ಫಾರಂ ಆಗ ನಡೆಯುವುದಿಲ್ಲ. ಈಗಿನಿಂದಲೇ ಮೂರು ಹಾಳೆ ಮಾಡಿಕೊಳ್ಳಿ: ದಾಖಲಾತಿಯದು ಒಂದು, ವಿದ್ಯಾರ್ಥಿವೇತನ ಬೇಕೆನ್ನುವವರಿಗೆ ಮಾತ್ರ ಇನ್ನೊಂದು, ಫೋಟೊ, ಆ್ಯಪ್, ಅಪಾರ್‌ಗೆ ಪ್ರತ್ಯೇಕ ಹೌದು-ಇಲ್ಲ ಇರುವ ಮೂರನೆಯದು.

ಹಳೆಯ ಕಾಗದ ಏನು ಮಾಡಬೇಕು? ದಾಖಲಾತಿ ರಿಜಿಸ್ಟರ್ ಶಾಶ್ವತ, ಮುಟ್ಟುವಂತಿಲ್ಲ. ಉಳಿದ ಜೆರಾಕ್ಸ್‌ಗಳನ್ನು ಕೆಲಸ ಮುಗಿದ ಮೇಲೆ ಪೋಷಕರಿಗೇ ಕೊಡಿ, ಇಲ್ಲವೇ ಮಹಜರು ಬರೆದು ಸುಡಿ. ರದ್ದಿಗೆ ತೂಕಕ್ಕೆ ಹಾಕಿದರೆ, ಜಾತಿ-ಆದಾಯ ಪತ್ರ ಮಂಡಕ್ಕಿ-ಮೆಣಸಿನಕಾಯಿ ಪೊಟ್ಟಣವಾಗಿ ಪಿ.ಜೆ. ಬಡಾವಣೆಯ ಯಾವುದೋ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ.

ಫೈಲ್ ತಪ್ಪು ಗ್ರೂಪಿಗೆ ಹೋಗಿಯೇಬಿಟ್ಟರೆ ಮೊದಲ ಕೆಲಸ 'ಡಿಲೀಟ್ ಫಾರ್ ಎವರಿವನ್', ಎರಡು ದಿನಕ್ಕಿಂತ ತುಸು ಹೆಚ್ಚು ಕಾಲ ಮಾತ್ರ ಅದು ಸಾಧ್ಯ. ನಂತರ ಇಳಿಸಿಕೊಂಡವರು ಅಳಿಸಬೇಕೆಂದು ಅದೇ ಗ್ರೂಪಿನಲ್ಲಿ ಕೇಳಿ. ಯಾವ ಕಾಲಂಗಳು ಹೋದವು ಅಂತ ಬರೆದಿಟ್ಟುಕೊಂಡು ಆಯಾ ಮನೆಗಳಿಗೆ ಅಂದೇ ತಿಳಿಸಿ. ಮುಚ್ಚಿಟ್ಟರೆ, 'ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿ' ಎಂದು ಮಗುವಿನ ಹೆಸರು, ತರಗತಿ ಸಮೇತ ಕರೆ ಬಂದಾಗ ತಾಯಿ ನಂಬಿಬಿಡುತ್ತಾಳೆ. ಆಧಾರ್ ನಂಬರ್ ಒಂದರಿಂದಲೇ ಖಾತೆ ಖಾಲಿಯಾಗುವುದಿಲ್ಲ. ಆದರೂ ಪೋಷಕರ ನಂಬರ್ ಸೋರಿದ್ದರೆ ಯುಐಡಿಎಐನ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಬೆರಳಚ್ಚು ಒತ್ತಿ ಹಣ ತೆಗೆಯುವ ದಾರಿ ಮುಚ್ಚುತ್ತದೆ. ಮುಂದೆ ರೇಷನ್ ಅಂಗಡಿಯಲ್ಲಿ ಬೆರಳು ಕೊಡುವ ಮುಂಚೆ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಳ್ಳಬೇಕೆಂದೂ ಆಗಲೇ ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.