ಬಾಟಲಿ ತುಂಬಾ ಗಂಡುಗಳು

ಮೇ ತಿಂಗಳು ಬಂದರೆ ಗೋವಾದ ಮಾವಿನ ತೋಟಗಳಿಂದ ನನಗೆ ಒಂದೇ ದೂರು. ಮೊನ್ನೆ ಮಾಪ್ಸಾ ಹತ್ತಿರದ ತೋಟವೊಂದರಿಂದ ಫೋನ್ ಬಂತು. ತೋಟ ನೋಡಿಕೊಳ್ಳುವವರು ಹಾವೇರಿ ಕಡೆಯವರು. "ಸಾಹೇಬ್ರ, ಟ್ರ್ಯಾಪಿನ್ಯಾಗ ನೊಣ ರಾಶಿ ಬಿದ್ದಾವ್ರಿ. ಆದ್ರೂ ಮಾನ್ಕುರಾದ್ ಮಾವು ಕೊಯ್ದ್ರ ಒಳಗ ಹುಳಾನ ಹುಳ!"

ಹೋದೆ. ಹಣ್ಣುನೊಣದ ಟ್ರ್ಯಾಪಿನ ಬಾಟಲಿಯನ್ನು ಪೇಪರ್ ಮೇಲೆ ಸುರಿದೆ. ಹೆಣ್ಣು ಹಣ್ಣುನೊಣದ ಹೊಟ್ಟೆಯ ತುದಿ ಸೂಜಿಯಂತೆ ಚೂಪು. ಸಿಪ್ಪೆ ಚುಚ್ಚಿ ಮೊಟ್ಟೆ ಇಡುವುದು ಅದರಿಂದಲೇ. ಲೆನ್ಸ್ ಕೊಟ್ಟು, ಒಂದು ಹೆಣ್ಣು ಹುಡುಕಿ ಅಂದೆ. ಹತ್ತು ನಿಮಿಷ ಹುಡುಕಿದರು, ಪಾಪ. ಸಿಗಲಿಲ್ಲ.

ಟ್ರ್ಯಾಪಿನಲ್ಲಿರುವುದು ಹೆಣ್ಣಿನ ವಾಸನೆ ಅಂತ ಜಾಸ್ತಿ ಜನ ನಂಬಿದ್ದಾರೆ. ಅಲ್ಲ. ಅದು ಮಿಥೈಲ್ ಯೂಜಿನಾಲ್. ಗಿಡಗಳಲ್ಲಿ ಇರುವಂಥದ್ದು, ತುಳಸಿಯಲ್ಲೂ ಉಂಟು. ಗಂಡುನೊಣ ಅದನ್ನು ನೆಕ್ಕಿ ತಿಂದು, ಮೈಯೊಳಗೆ ಬೇರೆ ರೂಪಕ್ಕೆ ತಿರುಗಿಸಿ ಹಿಂಭಾಗದ ಗ್ರಂಥಿಯಲ್ಲಿ ಕೂಡಿಡುತ್ತದೆ. ಮುಸ್ಸಂಜೆಗೆ ಹೊರಬಿಡುತ್ತದೆ. ಆ ಘಮಕ್ಕೆ ಹೆಣ್ಣು ಒಲಿಯುತ್ತದೆ. ಅಂದರೆ ನಾವು ತೂಗುಹಾಕಿದ್ದು ಅತ್ತರಿನ ಅಂಗಡಿ. ಅಲ್ಲಿಗೆ ಬರುವ ಗಿರಾಕಿಗಳೆಲ್ಲ ಗಂಡಸರೇ.

ಇದೇನು ಹೊಸ ವಿಷಯವಲ್ಲ. ಬಿಹಾರದ ಪೂಸಾದಲ್ಲಿ ಒಬ್ಬರು ಸೊಳ್ಳೆ ಕಾಟಕ್ಕೆಂದು ಕರ್ಚೀಫಿಗೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡರೆ ನೊಣ ಮುತ್ತಿದವಂತೆ. ಹೌಲೆಟ್ ಎಂಬ ಕೀಟತಜ್ಞರು 1912ರಲ್ಲೇ ಇದನ್ನು ಬರೆದರು. ಮುತ್ತಿದ್ದು ಗಂಡುಗಳೇ.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಬೇಜಾರಾಗಬೇಡಿ. ಬಾಟಲಿ ತುಂಬಿತು ಅಂದರೆ ಗಂಡು ಸತ್ತವು, ಅಷ್ಟೇ. ಮೊಟ್ಟೆ ಇಡುವವಳು ಆರಾಮಾಗಿ ಮರದಲ್ಲೇ ಇದ್ದಾಳೆ. ಈಗಾಗಲೇ ಕೂಡಿದವಳಿಗೆ ಗಂಡು ಸತ್ತರೂ ಒಂದೇ, ಇದ್ದರೂ ಒಂದೇ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಸ್ವಲ್ಪ ಗಂಡು ಉಳಿದರೂ ಸಾಕು, ಕೆಲಸ ಕೆಟ್ಟಿತು. ಪಕ್ಕದ ತೋಟದಲ್ಲಿ ಬಸುರಾದವಳು ಬೇಲಿ ದಾಟಿ ಬರುವುದಿಲ್ಲವೇ? ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಈ ಉಪಾಯದಿಂದಲೇ ಹಣ್ಣುನೊಣವನ್ನು ನಿರ್ನಾಮ ಮಾಡಿದರು, ನಿಜ. ಆದರೆ ಅಲ್ಲಿ ಇಡೀ ದ್ವೀಪಕ್ಕೇ ಹಾಕಿದ್ದರು. ನೀವು ಹಾಕಿದ್ದು ಜಗಲಿಗೆ ಎರಡು.

ಕೊಯ್ಲಿಗೆ ಒಂದೂವರೆ ತಿಂಗಳು ಮೊದಲೇ, ಅಕ್ಕಪಕ್ಕದ ತೋಟದವರೂ ಸೇರಿ ಹಾಕಿದರೆ ಗುಣ ಕಾಣಬಹುದು. ಖಾತ್ರಿ ಕೊಡಲಾರೆ.

"ಹಂಗಾರ ಹೆಣ್ಣಿಗೆ ಟ್ರ್ಯಾಪ್ ಇಲ್ಲೇನ್ರಿ?"

ಇದೆ. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು. ಅದನ್ನೇ ಆಮಿಷವಾಗಿ ಇಡುತ್ತಾರೆ. ಆದರೆ ಅದು ಮಿಥೈಲ್ ಯೂಜಿನಾಲಿನಷ್ಟು ದೂರದಿಂದ ಎಳೆಯುವುದಿಲ್ಲ ಅನ್ನುವಷ್ಟರಲ್ಲಿ ಮರದ ಬುಡ ಕಣ್ಣಿಗೆ ಬಿತ್ತು. ಉದುರಿದ ಹಣ್ಣುಗಳು ಅಲ್ಲೇ ಕೊಳೆಯುತ್ತಿದ್ದವು. ಒಂದನ್ನು ಒಡೆದೆ. ಬಿಳಿ ಹುಳವೊಂದು ಚಂಗನೆ ಹಾರಿ ಮಣ್ಣಿಗೆ ಬಿತ್ತು. ಅದು ಅಲ್ಲೇ ಕೋಶ ಕಟ್ಟಿ, ನೊಣವಾಗಿ ಮೇಲೇಳುತ್ತದೆ.

ಇವನ್ನು ಹೂಳೋಣ, ಗುದ್ದಲಿ ಎಲ್ಲಿ ಅಂದೆ. ಮಾಲೀಕರು ಮಡಗಾಂವಿಗೆ ಒಯ್ದಾರಂತೆ.